ಸೈಕಲ್ಲಿನಲ್ಲಿ ಹೋಗಿ ಕಯಾಕಿನಲ್ಲಿ ಮರಳುವುದು: ಸ್ವರ್ಣಾ ನದಿಯಲ್ಲಿ ಒಂದು ದಿನ

ಉಡುಪಿ ಕಡೆ ಬರುವವರು ಪದೇ ಪದೇ ಕೇಳುವ ಪ್ರಶ್ನೆ ಇದು. ಕೋಡಿ ಬೆಂಗ್ರೆಯಲ್ಲಿ ಬಾಡಿಗೆ ಕಯಾಕ್ (ಪ್ಯಾಡಲ್ ಎಂಬ ಹುಟ್ಟಿನಿಂದ ನಡೆಸುವ ಕಿರುದೋಣಿ) ಹತ್ತಿ ಒಂದು ತಾಸು ಅಲ್ಲಲ್ಲೇ ಸುತ್ತಿ ಇಳಿಯುವ ಬದಲು, ನದಿಯಲ್ಲೇ ಒಂದೂರಿಂದ ಇನ್ನೊಂದೂರಿಗೆ ಹೋಗಲಾಗದೇ? ಹೋದರೆ ಗಾಡಿ ನಿಲ್ಲಿಸಿದಲ್ಲಿಗೆ ವಾಪಸ್ ಬರುವುದು ಹೇಗೆ?

ಒಂದು ಸೈಕಲ್ ಇದ್ದರೆ ಆಗುತ್ತದೆ. ಒಂದು ಕಡೆ ಗಾಡಿ, ಇನ್ನೊಂದು ಕಡೆ ಕಯಾಕ್, ನಡುವಿನ ರಸ್ತೆಗೆ ಸೈಕಲ್. ಪ್ಯಾಡಲಿಂಗ್ ಮಾಡುವವರು ಇದಕ್ಕೆ 'ಶಟಲ್' ಎನ್ನುತ್ತಾರೆ. ಆಟೊ ಹಿಡಿದರೂ ಕೆಲಸ ನಡೆಯುತ್ತದೆ, ಸುಳ್ಳಲ್ಲ. ಆದರೆ ಹೂಡೆಯಿಂದ ಕೋಡಿ ಬೆಂಗ್ರೆವರೆಗೆ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ ಇಟ್ಟುಕೊಂಡು ಹೋಗುವ ಆ ದಾರಿಯನ್ನು ಬೆಳಗಿನ ಹೊತ್ತು ಸೈಕಲ್ಲಿನಲ್ಲೇ ನೋಡಬೇಕು.

ಇಲ್ಲಿ ಹೇಳುತ್ತಿರುವುದು ಕೆಮ್ಮಣ್ಣು ತೂಗುಸೇತುವೆ ಮತ್ತು ಕೋಡಿ ಬೆಂಗ್ರೆ ನಡುವಿನ ದಾರಿ. ಸ್ವರ್ಣಾ ನದಿ ಕೆಮ್ಮಣ್ಣಿನ ಬಳಿ ಕುದ್ರುಗಳ (ನದಿ ನಡುವಿನ ದ್ವೀಪಗಳು) ಸುತ್ತ ಕವಲೊಡೆದು, ಉತ್ತರಕ್ಕೆ ತಿರುಗಿ, ಕಡಲಿಗೆ ಸಮಾನಾಂತರವಾಗಿ ಹರಿದು, ಬೆಂಗ್ರೆಯ ತುದಿಯಲ್ಲಿ ಸೀತಾ ನದಿಯ ಜೊತೆ ಕಡಲು ಸೇರುತ್ತದೆ. ಆ ಬಾಯಿಗೆ ಅಳಿವೆ ಎನ್ನುತ್ತಾರೆ. ರಸ್ತೆಯಲ್ಲಿ ಒಂದು ಕಡೆಗೆ ಹತ್ತು ಕಿ.ಮೀ. ಒಳಗೇ, ಒಂದೂ ಏರು ಇಲ್ಲ. ನೀರಿನಲ್ಲಿ ಎಷ್ಟು ಎಂಬುದು ನೀವು ಯಾವ ಕವಲು ಹಿಡಿಯುತ್ತೀರಿ ಎಂಬುದರ ಮೇಲೆ ನಿಂತಿದೆ. ಹೊರಡುವ ಮೊದಲು ಉಪಗ್ರಹ ನಕ್ಷೆಯಲ್ಲಿ ಗೆರೆ ಎಳೆದು ಅಳೆದುಕೊಳ್ಳಿ.

1. ಮೊದಲು ದಿಕ್ಕು ತೀರ್ಮಾನಿಸಿ

ಹೊಸಬರೆಲ್ಲ ಮಾಡುವ ಯೋಜನೆ ಒಂದೇ: ಕೆಮ್ಮಣ್ಣಿನಲ್ಲಿ ಇಳಿದು, ಹರಿವಿನ ಜೊತೆ ತೇಲುತ್ತ ಕಡಲ ಬಾಯಿಗೆ ಹೋಗುವುದು. ಮಲೆನಾಡಿನ ಹೊಳೆಯಲ್ಲಾದರೆ ಅದು ಸರಿ. ಇಲ್ಲಿ ಅದೇ ತಪ್ಪು ಲೆಕ್ಕ.

ಅಳಿವೆಗೆ ಹತ್ತಿರದ ನದಿ ದಿನಕ್ಕೆ ಎರಡು ಸಲ ಹಿಂದಕ್ಕೆ ಹರಿಯುತ್ತದೆ. ಕಡಲು ಏರಿ ನೀರು ನದಿಯೊಳಗೆ ನುಗ್ಗುವುದು ಭರತ, ಅದು ಮರಳಿ ಕಡಲಿಗೆ ಇಳಿಯುವುದು ಇಳಿತ. ಒಂದೊಂದಕ್ಕೂ ಸುಮಾರು ಆರೂಕಾಲು ತಾಸು. ಮೊದಲ ಸಲ ಹೋಗುವವರು ಬೆಂಗ್ರೆಯಲ್ಲಿ ಇಳಿದು, ಭರತದ ಜೊತೆ ಒಳನಾಡಿನ ಕಡೆಗೆ, ಅಂದರೆ ಕೆಮ್ಮಣ್ಣಿಗೆ ಹೋಗಬೇಕು. ಇದಕ್ಕೆ ಮೂರು ಕಾರಣ.

ಕೈ ಸೋತರೆ, ಪ್ಯಾಡಲ್ ಕಳೆದರೆ, ಕಯಾಕ್ ಮಗುಚಿದರೆ ನೀರು ನಿಮ್ಮನ್ನು ಊರಿನ ಕಡೆ ಒಯ್ಯುತ್ತದೆ. ಇಳಿತದಲ್ಲಿ ಇದೇ ಆದರೆ ಅಳಿವೆಯ ಕಡೆ ಒಯ್ಯುತ್ತದೆ. ಅಲ್ಲಿ ಹೊರಹೋಗುವ ನೀರಿಗೆ ಕಡಲ ಅಲೆ ಎದುರಾಗಿ ಒಡೆಯುತ್ತಿರುತ್ತದೆ, ಮೀನುಗಾರಿಕೆ ದೋಣಿಗಳು ವೇಗವಾಗಿ ಓಡಾಡುತ್ತಿರುತ್ತವೆ.

ಎರಡನೆಯದು ಮರಳು ದಿಬ್ಬ. ಭರತದಲ್ಲಿ ದಿಬ್ಬಕ್ಕೆ ತಗುಲಿದರೆ ಹದಿನೈದು ನಿಮಿಷ ಸುಮ್ಮನೆ ಕೂತರೆ ಸಾಕು, ನೀರೇ ಎತ್ತಿ ಬಿಡುತ್ತದೆ. ಇಳಿತದಲ್ಲಿ ಕೂತಷ್ಟೂ ಹೂತಿರಿ. ಆಮೇಲೆ ಮೊಣಕಾಲುದ್ದ ಕೆಸರಿನಲ್ಲಿ ಇಪ್ಪತ್ತು ಕಿಲೋ ಎಳೆಯುವ ಕೆಲಸ.

ಮೂರನೆಯದು ಗಾಳಿ. ಡಿಸೆಂಬರಿನಿಂದ ಮೇ ತನಕ ಕರಾವಳಿಯಲ್ಲಿ ಬೆಳಗ್ಗೆ ಗಾಳಿ ಇರುವುದೇ ಇಲ್ಲ ಅನ್ನಬಹುದು, ಇದ್ದರೂ ನೆಲದಿಂದ ಕಡಲಿಗೆ ತೆಳ್ಳಗೆ ಬೀಸುತ್ತದೆ. ನಡುಹಗಲಿನ ಹೊತ್ತಿಗೆ ಪಶ್ಚಿಮ–ವಾಯವ್ಯದಿಂದ ಕಡಲ ಗಾಳಿ ಶುರುವಾಗುತ್ತದೆ. ಬೆಂಗ್ರೆಯಿಂದ ಕೆಮ್ಮಣ್ಣಿಗೆ ಎಂದರೆ ದಕ್ಷಿಣಕ್ಕೆ. ತಡವಾದರೂ ಗಾಳಿ ಬಲಬದಿಯಿಂದ ಇಲ್ಲವೇ ಬೆನ್ನ ಕಡೆಯಿಂದ ಬರುತ್ತದೆ, ಮುಖಕ್ಕಲ್ಲ.

2. ದಿನ ಆರಿಸುವುದು

ನಿಮಗೆ ಬೇಕಾದದ್ದು ಬೆಳಗ್ಗೆ 6ರಿಂದ 8ರೊಳಗೆ ಇಳಿತ ಮುಗಿದು, ಮಧ್ಯಾಹ್ನದವರೆಗೆ ಭರತ ಇರುವ ದಿನ. ಈ ಕರಾವಳಿಯಲ್ಲಿ ಅದು ಸಾಮಾನ್ಯವಾಗಿ ಅಮಾವಾಸ್ಯೆ ಅಥವಾ ಹುಣ್ಣಿಮೆ ಕಳೆದ ಎರಡು ಮೂರು ದಿನಕ್ಕೆ ಬರುತ್ತದೆ. ಬಿದಿಗೆ, ತದಿಗೆ, ಚೌತಿ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು, ಆಮೇಲೆ ಭರತ–ಇಳಿತದ ಪಟ್ಟಿ ನೋಡಿ ಖಚಿತ ಮಾಡಿಕೊಳ್ಳಿ. ಹೊತ್ತು ದಿನಕ್ಕೆ ಸರಾಸರಿ 50 ನಿಮಿಷ ಮುಂದೆ ಹೋಗುತ್ತದೆ. ಆದ್ದರಿಂದ ಹೋದ ಶನಿವಾರದ ಸಮಯವನ್ನು ಈ ಶನಿವಾರಕ್ಕೆ ಬಳಸಿದರೆ ಲೆಕ್ಕ ಪೂರ್ತಿ ತಲೆಕೆಳಗು.

ಮಲ್ಪೆ ಅಥವಾ ನವ ಮಂಗಳೂರು ಬಂದರಿನ ಪಟ್ಟಿ ಬಳಸಿ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ 'ಇನ್‌ಕಾಯಿಸ್' ಭರತದ ಮುನ್ಸೂಚನೆಯನ್ನೂ ಅಲೆಯ ಎಚ್ಚರಿಕೆಯನ್ನೂ ಕೊಡುತ್ತದೆ. ಎರಡನ್ನೂ ನೋಡಿ. ಕೆಲವು ಆ್ಯಪ್‌ಗಳು ಗ್ರೀನಿಚ್ ಸಮಯ ತೋರಿಸುತ್ತವೆ. ಹಾಗಿದ್ದರೆ ಐದೂವರೆ ತಾಸು ಕೂಡಿಸಬೇಕು.

ಪಟ್ಟಿಯಲ್ಲಿರುವುದು ಕಡಲಿನ ಸಮಯ, ಹೊಳೆಯ ಸಮಯವಲ್ಲ. ಕಡಲಲ್ಲಿ ಇಳಿತ ಮುಗಿದು ಭರತ ಶುರುವಾದರೂ ಹೊಳೆಯೊಳಗಿನ ನೀರು ಇನ್ನೂ ಸ್ವಲ್ಪ ಹೊತ್ತು ಹೊರಕ್ಕೇ ಹರಿಯುತ್ತದೆ. ಒಂದು ತೆಂಗಿನ ಸಿಪ್ಪೆ ಎಸೆದು ನೋಡಿ. ಅದು ನಿಂತು, ಮೆಲ್ಲಗೆ ದಕ್ಷಿಣಕ್ಕೆ ತಿರುಗಿದ ಮೇಲೆ ಕಯಾಕ್ ಇಳಿಸಿ.

ಹರಿವು ಆರು ತಾಸೂ ಒಂದೇ ಬಿರುಸಿನಲ್ಲಿ ಇರುವುದಿಲ್ಲ. ಇದಕ್ಕೆ ನಾವಿಕರ 'ಹನ್ನೆರಡನೇ ಭಾಗದ ಲೆಕ್ಕ' ಇದೆ: ಒಟ್ಟು ಏರುವ ನೀರನ್ನು ಹನ್ನೆರಡು ಪಾಲು ಮಾಡಿದರೆ, ಆರು ತಾಸಿನಲ್ಲಿ ಕ್ರಮವಾಗಿ 1, 2, 3, 3, 2, 1 ಪಾಲು ಏರುತ್ತದೆ. ಮೂರನೇ ಮತ್ತು ನಾಲ್ಕನೇ ತಾಸಿನಲ್ಲಿ ನೀರು ನಿಮ್ಮ ಪರವಾಗಿ ಹೆಚ್ಚು ದುಡಿಯುತ್ತದೆ. ಆ ಹೊತ್ತು ನೀವು ನೀರಿನ ಮೇಲಿರಬೇಕು, ದಡದಲ್ಲಿ ಅವಲಕ್ಕಿ ತಿನ್ನುತ್ತ ಕೂತಿರಬಾರದು.

ಕಾಲದ ವಿಷಯ ಚಿಕ್ಕದು. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಮಾರ್ಚ್, ಏಪ್ರಿಲಿನಲ್ಲಿ ಬಿಸಿಲು ಹತ್ತೂವರೆಗೇ ಕುದಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಈ ಯೋಜನೆಯನ್ನೇ ಮರೆತುಬಿಡಿ. ಅಕ್ಟೋಬರಿನಲ್ಲಿ ಜೋರು ಮಳೆ ಬಂದ ವಾರ ನೆರೆ ನೀರಿನ ಒತ್ತಡಕ್ಕೆ ಭರತ ಸೋಲುತ್ತದೆ, ಪಟ್ಟಿಯ ಲೆಕ್ಕ ಕೆಲಸಕ್ಕೆ ಬರುವುದಿಲ್ಲ.

3. ಏನೇನು ಬೇಕು

ಕಯಾಕ್. ಮೇಲೆ ಕೂರುವ ಬಗೆಯದೇ ಇರಲಿ. ಒಳಗೆ ಕಾಲು ತೂರಿಸಿ ಕೂರುವುದು ಮಗುಚಿದರೆ ನೀರು ತುಂಬುತ್ತದೆ, ಬರಿದು ಮಾಡುವುದು ಹೊಸಬರ ಕೈಲಾಗದು. ಒಬ್ಬರು ಕೂರುವ ಗಟ್ಟಿ ಪ್ಲಾಸ್ಟಿಕ್ ಕಯಾಕ್ 20–25 ಕಿಲೋ ತೂಗುತ್ತದೆ, ಕಾರಿನ ಚಾವಣಿಯ ಮೇಲೆ ಕಟ್ಟಲು ರ‍್ಯಾಕ್ ಬೇಕು. ಗಾಳಿ ತುಂಬುವುದಾದರೆ ಕಾರಿನ ಡಿಕ್ಕಿಯಲ್ಲೇ ಹಿಡಿಸುತ್ತದೆ. ಆದರೆ ಬಿಸಿಲಿಗೆ ಗಾಳಿ ಹಿಗ್ಗುತ್ತದೆ, ದಡದಲ್ಲಿ ಬಿಗಿಯಾಗಿ ತುಂಬಿ ಬಿಸಿಲಿಗೆ ಬಿಟ್ಟರೆ ಹೊಲಿಗೆ ಬಿಡುತ್ತದೆ. ಗಾಳಿ ತುಸು ಕಡಿಮೆ ತುಂಬಿ ನೀರಿಗಿಳಿಸಿ, ತಣ್ಣಗಾದ ಮೇಲೆ ಪಂಪ್ ಹೊಡೆಯಿರಿ. ಇಲ್ಲಿಯ ಮರುವಾಯಿ ಚಿಪ್ಪುಗಳು ಬ್ಲೇಡಿನಷ್ಟು ಹರಿತ. ತೆಳು ರಬ್ಬರಿನದನ್ನು ದಡದ ಮೇಲೆ ಎಳೆಯಬೇಡಿ, ಎತ್ತಿ ಒಯ್ಯಿರಿ.

ಬಾಡಿಗೆಗೆ ಪಡೆಯುವವರು ಹಿಂದಿನ ದಿನವೇ ಒಂದು ಮಾತು ಕೇಳಬೇಕು: "ಒಂದು ಕಡೆಯಿಂದ ತೆಗೆದುಕೊಂಡು ಇನ್ನೊಂದು ಕಡೆ ಬಿಡಬಹುದೇ?" ಹೆಚ್ಚಿನವರು ತಾಸಿನ ಲೆಕ್ಕದಲ್ಲಿ, ಕಣ್ಣಳತೆಯೊಳಗೆ ಮಾತ್ರ ಕೊಡುತ್ತಾರೆ. ಅರ್ಧ ದಿನದ ಬಾಡಿಗೆ, ಮರಳಿ ತರುವ ಗಾಡಿಯ ಖರ್ಚು, ಜೊತೆಗೊಬ್ಬ ಸ್ಥಳೀಯ ಮಾರ್ಗದರ್ಶಿ ಎಂದು ಮಾತಾಡಿಕೊಂಡರೆ ಒಪ್ಪುವವರಿದ್ದಾರೆ. ಒಪ್ಪದಿದ್ದರೆ ಹೇಳದೆ ಒಯ್ಯುವುದು ಬೇಡ.

ಲೈಫ್ ಜಾಕೆಟ್. ಹಾಕಿಕೊಂಡು ಎಲ್ಲ ಪಟ್ಟಿ ಬಿಗಿದ ಮೇಲೆ, ಜೊತೆಯವರಿಗೆ ಭುಜದ ಪಟ್ಟಿ ಹಿಡಿದು ಮೇಲಕ್ಕೆತ್ತಲು ಹೇಳಿ. ಅದು ಕಿವಿಯವರೆಗೆ ಬಂದರೆ ಅಳತೆ ದೊಡ್ಡದು, ನೀರಿಗೆ ಬಿದ್ದಾಗ ಜಾಕೆಟ್ ಮೇಲೆ, ನೀವು ಕೆಳಗೆ. ಜಾಕೆಟ್ಟಿಗೆ ಒಂದು ಸೀಟಿ ಕಟ್ಟಿರಲಿ. ಕಯಾಕಿಗೆ ಕಟ್ಟಿಡುವ ಜಾಕೆಟ್ಟು ಇದ್ದೂ ಇಲ್ಲದ ಹಾಗೆ.

ಉಳಿದಂತೆ: ಒಬ್ಬೊಬ್ಬರಿಗೆ 3 ಲೀಟರ್ ನೀರು, 20 ಲೀಟರಿನ ನೀರು ಹೋಗದ ಚೀಲ, ಫೋನಿಗೆ ಬೇರೆಯೇ ನೀರು ಹೋಗದ ಪೌಚ್, 10 ಮೀಟರ್ ತೇಲುವ ಹಗ್ಗ, ಹಿಮ್ಮಡಿಗೆ ಪಟ್ಟಿ ಇರುವ ಹಳೆಯ ಚಪ್ಪಲಿ ಅಥವಾ ಶೂ. ಬರಿಗಾಲು ಬೇಡ, ಕಾರಣ ಆಗಲೇ ಹೇಳಿದ ಚಿಪ್ಪು.

ಸೈಕಲ್ ಯಾವುದಾದರೂ ಆದೀತು, ದಾರಿ ಪೂರ್ತಿ ಸಮತಟ್ಟು. ಆದರೆ ರಸ್ತೆಯ ಮೇಲೆ ಅಲ್ಲಲ್ಲಿ ಮರಳು ಹಾರಿ ಬಂದು ಕೂತಿರುತ್ತದೆ. ತೆಳು ಟೈರಿನ ರೇಸಿಂಗ್ ಸೈಕಲ್ ತಿರುವಿನಲ್ಲಿ ಜಾರುತ್ತದೆ. ಒಂದು ಟ್ಯೂಬ್, ಎರಡು ಟೈರ್ ಲಿವರ್, ಪಂಪ್, 4, 5, 6 ಮಿ.ಮೀ. ಅಲೆನ್ ಕೀ, ಹಿಂದೆ ಮುಂದೆ ಲೈಟು, ಹೆಲ್ಮೆಟ್. ಬೀಗ ಎರಡು: ಒಂದು ಸೈಕಲ್ಲಿಗೆ, ಒಂದು ಕಯಾಕಿಗೆ.

ಇಬ್ಬರಿದ್ದರೆ ಒಂದೇ ಸೈಕಲ್ ಸಾಕು. ಒಬ್ಬರು ಬೆಂಗ್ರೆಯಲ್ಲಿ ಕಯಾಕ್ ಕಾಯುವುದು, ಇನ್ನೊಬ್ಬರು ಕಾರನ್ನು ಕೆಮ್ಮಣ್ಣಿನಲ್ಲಿ ಬಿಟ್ಟು ಸೈಕಲ್ಲಿನಲ್ಲಿ ಮರಳುವುದು. ಕಾಯುವವರು ಯಾರೆಂಬ ಜಗಳ ನಿಮ್ಮ ನಿಮ್ಮೊಳಗೆ.

4. ಬೆಳಗಿನ ಕ್ರಮ

ಇಳಿತ 6.45ಕ್ಕೆ ಮುಗಿಯುವ ದಿನವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಡಿಸೆಂಬರ್–ಜನವರಿಯಲ್ಲಿ ಸೂರ್ಯ ಹುಟ್ಟುವುದೂ ಸುಮಾರು ಅದೇ ಹೊತ್ತಿಗೆ.

5.45: ಹೆದ್ದಾರಿಯ ಸಂತೆಕಟ್ಟೆಯಿಂದ ಕೆಮ್ಮಣ್ಣು, ಹೂಡೆ ದಾಟಿ ಕೋಡಿ ಬೆಂಗ್ರೆ ತಲುಪಿ. ಹೊಳೆಯ ಬದಿಯಲ್ಲಿ, ಅಳಿವೆಯ ತುದಿಯಿಂದ ಕನಿಷ್ಠ ಒಂದು ಕಿ.ಮೀ. ಒಳಗೆ ಕಯಾಕನ್ನು ಕಾರಿನಿಂದ ಇಳಿಸಿ. ಮೀನು ಇಳಿಸುವ ಜಾಗ ಬಿಟ್ಟುಬಿಡಿ, ಬೆಳಗ್ಗೆ ಅದು ಅವರ ಕೆಲಸದ ಹೊತ್ತು. ಕಾಯಲು ಯಾರೂ ಇಲ್ಲದಿದ್ದರೆ ದಡದ ಮನೆಯವರನ್ನು ಕೇಳಿ: "ಎರಡು ತಾಸು ನಿಮ್ಮ ಅಂಗಳದಲ್ಲಿ ಇಡಬಹುದಾ?" ಬೇಡ ಎನ್ನುವವರು ಕಡಿಮೆ. ದಡದಲ್ಲೇ ಇಡುವುದಾದರೆ ಒಣಗಿದ ಕಸಕಡ್ಡಿಯ ಗೆರೆ ಎಲ್ಲಿದೆ ನೋಡಿ, ನೀರು ಅಲ್ಲಿಯವರೆಗೆ ಏರುತ್ತದೆ ಎಂದರ್ಥ. ಅದಕ್ಕಿಂತ ಮೇಲಿಟ್ಟು, ಕಯಾಕಿನ ನೀರಿಳಿಯುವ ತೂತಿನಲ್ಲಿ ಉಕ್ಕಿನ ಕೇಬಲ್ ತೂರಿಸಿ ತೆಂಗಿನ ಮರಕ್ಕೆ ಬೀಗ ಹಾಕಿ. ಪ್ಯಾಡಲ್ ಕಾರಿನಲ್ಲಿ ಮರೆಯಬೇಡಿ.

6.15: ಕಾರನ್ನು ಕೆಮ್ಮಣ್ಣಿಗೆ ಒಯ್ಯಿರಿ. ತೂಗುಸೇತುವೆಯ ದಾರಿ ಇಕ್ಕಟ್ಟು, ಕುದ್ರುವಿನ ಜನ ಓಡಾಡುವುದು ಅದೇ ದಾರಿಯಲ್ಲಿ. ಯಾರ ಗೇಟಿಗೂ ಅಡ್ಡವಾಗದಂತೆ ನಿಲ್ಲಿಸಿ. ಹೊರಡುವ ಮೊದಲು ನೀರಿನ ಅಂಚಿಗೆ ಇಳಿದು, ಎಲ್ಲಿ ಹತ್ತುತ್ತೀರಿ ಎಂದು ನೋಡಿಟ್ಟುಕೊಳ್ಳಿ. ಹೊಳೆಯ ನಡುವಿನಿಂದ ನೋಡಿದರೆ ಎಲ್ಲ ದಡವೂ ಒಂದೇ ತರಹ ಕಾಣುತ್ತದೆ. ಇಳಿತದಲ್ಲಿ ಕಾಣುವ ಕೆಸರು ನೀವು ಬರುವ ಹೊತ್ತಿಗೆ ಮುಳುಗಿರುತ್ತದೆ, ಅದೂ ಭರತದ ಲಾಭವೇ.

ಇಲ್ಲಿ ನಿಂತು ಕಿಸೆ ಮುಟ್ಟಿ ನೋಡಿ. ಇಡೀ ಯೋಜನೆ ಕೆಡುವುದು ಕೀಲಿಕೈ ವಿಷಯದಲ್ಲಿ. ಕಾರಿನ ಕೀ ನಿಮ್ಮ ಜೊತೆ ಬರಬೇಕು, ಏಕೆಂದರೆ ನದಿಯ ಕೊನೆಯಲ್ಲಿರುವುದು ಕಾರು. ಅದು ಸೈಕಲ್ಲಿನ ಬ್ಯಾಗಿನಲ್ಲಿ ಉಳಿದು, ಸೈಕಲ್ಲು ಬೆಂಗ್ರೆಯಲ್ಲಿ ಉಳಿದರೆ ಮುಗಿಯಿತು. ಈಗಿನ ಕಾರುಗಳ ಕೀಯಲ್ಲಿ ಎಲೆಕ್ಟ್ರಾನಿಕ್ಸ್ ಇರುತ್ತದೆ, ಉಪ್ಪು ನೀರು ತಾಗಿದರೆ ಬಾಗಿಲೂ ತೆರೆಯದು. ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ನೀರು ಹೋಗದ ಚೀಲದೊಳಗೆ ಹಗ್ಗ ಕಟ್ಟಿ ಇಡಿ. ಒಣ ಬಟ್ಟೆ, ಊಟ, ಇನ್ನಷ್ಟು ನೀರು ಕಾರಿನಲ್ಲಿರಲಿ.

6.45: ಸೈಕಲ್ ಹತ್ತಿ. ಆರಾಮಾಗಿ ತುಳಿದರೂ 40–45 ನಿಮಿಷ. ಹೂಡೆ ದಾಟಿದ ಮೇಲೆ ರಸ್ತೆ ಕಿರಿದು, ಭಾನುವಾರ ಒಂಬತ್ತರ ನಂತರ ಪ್ರವಾಸಿ ಕಾರುಗಳು ತುಂಬುತ್ತವೆ. ಸೈಕಲ್ ಭಾಗವನ್ನು ಮೊದಲು ಮುಗಿಸುವುದಕ್ಕೆ ಇದೊಂದು ಕಾರಣ. ಇನ್ನೊಂದು, ಉಪ್ಪು ನೀರಲ್ಲಿ ನೆನೆದ ಚಡ್ಡಿಯಲ್ಲಿ ಹತ್ತು ಕಿ.ಮೀ. ಸೈಕಲ್ ತುಳಿದರೆ ತೊಡೆ ಸಂದು ಸುಲಿಯುತ್ತದೆ.

7.30: ಬೆಂಗ್ರೆಯಲ್ಲಿ ತಿಂಡಿ, ಸೈಕಲ್ಲಿಗೆ ಬೀಗ. ಮಡಚುವ ಸೈಕಲ್ಲನ್ನು ಕಯಾಕಿನ ಹಿಂದೆ ಕಟ್ಟಿಕೊಂಡು ಹೋಗಬಹುದಲ್ಲ ಎಂದು ಕೇಳುವವರಿದ್ದಾರೆ. ಹೋಗಬಹುದು. ಆದರೆ ಹತ್ತು ಹನ್ನೆರಡು ಕಿಲೋ ಮೇಲೆ ಕೂತರೆ ಕಯಾಕ್ ಹೊಯ್ದಾಡುತ್ತದೆ, ಬೇರಿಂಗಿಗೆ ಉಪ್ಪು ಇಳಿಯುತ್ತದೆ. ಮೊದಲ ಸಲಕ್ಕೆ ಬೇಡ. ವಾಪಸ್ ಕಾರಿನಲ್ಲಿ ಬಂದು ಸೈಕಲ್ ಒಯ್ಯಿರಿ.

5. ನೀರಿಗಿಳಿಯುವ ಮೊದಲು ಹತ್ತು ನಿಮಿಷ

ಸೊಂಟದುದ್ದ ನೀರಿನಲ್ಲಿ ಬೇಕೆಂದೇ ಮಗುಚಿ, ಮತ್ತೆ ಹತ್ತಿ. ಮಗುಚಿದ ಕಯಾಕಿನ ಆಚೆ ಅಂಚನ್ನು ಹಿಡಿದು ನಿಮ್ಮ ಕಡೆ ಎಳೆದರೆ ನೆಟ್ಟಗಾಗುತ್ತದೆ. ನಡುಭಾಗಕ್ಕೆ ಬಂದು, ಎರಡೂ ಅಂಚು ಹಿಡಿದು, ಈಜುವ ಹಾಗೆ ಕಾಲು ಬಡಿಯುತ್ತ ಹೊಟ್ಟೆಯ ಮೇಲೆ ಜಾರಿ ಹತ್ತಿ. ಬಳಿಕ ಹೊರಳಿ ಕೂತು, ಕೊನೆಗೆ ಕಾಲು ಒಳಗೆ. ಕೈ ಬಲದಿಂದಲೇ ಎತ್ತಿಕೊಳ್ಳಲು ಹೋದವರು ಮತ್ತೆ ಮಗುಚುತ್ತಾರೆ. ಇಲ್ಲಿ ಆಗದಿದ್ದರೆ ನಡುಹೊಳೆಯಲ್ಲೂ ಆಗದು. ಆ ದಿನ ದಡದ ಹತ್ತಿರ ಸುತ್ತಾಡಿ ಬನ್ನಿ.

ಒಂಟಿಯಾಗಿ ಹೋಗಬೇಡಿ. ಕನಿಷ್ಠ ಎರಡು ಕಯಾಕ್ ಇರಲಿ. ದಡದಲ್ಲಿರುವ ಒಬ್ಬರಿಗೆ ಎಲ್ಲಿಂದ ಎಲ್ಲಿಗೆ, ಎಷ್ಟು ಗಂಟೆಗೆ ಮುಟ್ಟುತ್ತೀರಿ ಎಂದು ಹೇಳಿಡಿ. ತುರ್ತಿಗೆ 112, ಕರಾವಳಿ ಕಾವಲು ಪೊಲೀಸರಿಗೆ 1093, ಕೋಸ್ಟ್ ಗಾರ್ಡಿಗೆ 1554.

6. ಹೊಳೆಯಲ್ಲಿ

8.15ರ ಸುಮಾರಿಗೆ ಹೊರಡಿ. ಬೆಂಗ್ರೆಯ ದಂಡೆ ನಿಮ್ಮ ಬಲಗೈಗೆ ಇರಲಿ. 'ಬಲದಂಡೆ', 'ಎಡದಂಡೆ' ಎಂಬ ಮಾತು ಬಂದರೆ ಜೋಪಾನ: ನದಿಯ ಲೆಕ್ಕದಲ್ಲಿ ಅದನ್ನು ಹರಿವಿನ ಕಡೆ ಮುಖ ಮಾಡಿ ಹೇಳುತ್ತಾರೆ. ನೀವು ಹೋಗುತ್ತಿರುವುದು ಎದುರು ದಿಕ್ಕಿಗೆ, ಹಾಗಾಗಿ ನಿಮ್ಮ ಬಲಗೈಗೆ ಇರುವುದು ನದಿಯ ಎಡದಂಡೆ. ದಾರಿಯನ್ನು ನಕ್ಷೆಯಲ್ಲಿ ಗುರುತಿಸಿ ಫೋನಿನಲ್ಲಿ ಇಳಿಸಿಕೊಂಡಿರಿ. ಕುದ್ರುಗಳ ನಡುವೆ ಎರಡು ಕವಲು ಒಂದೇ ಅಗಲ ಕಂಡಾಗ ಅದೇ ಗತಿ.

ಹೊಸಬರ ವೇಗ ನಿಂತ ನೀರಿನಲ್ಲಿ ತಾಸಿಗೆ 4 ಕಿ.ಮೀ. ಆಸುಪಾಸು, ವಿರಾಮ ಸೇರಿಸಿದರೆ 3. ಭರತ ತುಸು ಕೂಡಿಸುತ್ತದೆ. ಎರಡೂವರೆ ತಾಸು ಇಟ್ಟುಕೊಂಡರೆ ಧಾವಂತವಿಲ್ಲ, ಗಾಳಿ ಏಳುವ ಮೊದಲೇ ಮುಟ್ಟುತ್ತೀರಿ. ತೋಳಿನಿಂದ ಎಳೆಯಬೇಡಿ, ಸೊಂಟ ತಿರುಗಿಸಿ ಎಳೆಯಿರಿ. ಅರ್ಧ ತಾಸಿಗೇ ಭುಜ ನೋಯುತ್ತಿದ್ದರೆ ತೋಳಿನಿಂದಲೇ ಎಳೆಯುತ್ತಿದ್ದೀರಿ ಎಂದರ್ಥ.

ಬಲೆಗಳು. ಅಡ್ಡಲಾಗಿ ಸಾಲು ಗೂಟ ಅಥವಾ ಸಾಲಾಗಿ ತೇಲುವ ಬೆಂಡು, ಪ್ಲಾಸ್ಟಿಕ್ ಬಾಟಲಿ ಕಂಡರೆ ಕೆಳಗೆ ಬಲೆ ಇದೆ. ತುದಿ ಎಲ್ಲಿದೆ ನೋಡಿ ಸುತ್ತಿಕೊಂಡು ಹೋಗಿ. ನಡುವೆ ನುಗ್ಗಿದರೆ ಪ್ಯಾಡಲ್ ಸಿಕ್ಕಿಕೊಳ್ಳುತ್ತದೆ, ಹರಿವು ನಿಮ್ಮನ್ನು ಗೂಟಕ್ಕೆ ಅಡ್ಡ ಮಾಡಿ ಮಗುಚುತ್ತದೆ. ಹಾಗೇನಾದರೂ ಗೂಟಕ್ಕೆ ಅಡ್ಡ ಬಿದ್ದರೆ ಅದರಿಂದ ದೂರ ವಾಲಬೇಡಿ, ಗೂಟದ ಕಡೆಗೇ ವಾಲಿ ಕೈಯಿಂದ ತಳ್ಳಿಕೊಳ್ಳಿ. ಮನಸ್ಸು ಇದಕ್ಕೆ ಉಲ್ಟಾ ಹೇಳುತ್ತದೆ, ಮಗುಚುವುದು ಅದನ್ನು ಕೇಳಿದಾಗಲೇ. ಬಲೆ ಕೊಯ್ಯುವ ಮಾತೇ ಬೇಡ, ಅದು ಒಬ್ಬರ ಅನ್ನ.

ಯಂತ್ರದ ದೋಣಿ ಬಂದರೆ ಅಂಚಿಗೆ ಸರಿದು, ಅದರ ಅಲೆಗೆ ಕಯಾಕಿನ ಮೂತಿ ಎದುರು ಮಾಡಿ. ಕಾಂಡ್ಲಾ (ಉಪ್ಪುನೀರಿನ ದಡದಲ್ಲಿ ಬೆಳೆಯುವ ಮ್ಯಾಂಗ್ರೋವ್) ಗಿಡಗಳ ನಡುವಿನ ಕಿರುಗಾಲುವೆಗಳು ಚಂದ, ಆದರೆ ಭರತ ಏರುತ್ತಿರುವಾಗ ಮಾತ್ರ ಒಳಗೆ ಹೋಗಿ, ತಿರುಗಲು ಜಾಗ ಇರುವಲ್ಲಿಂದಲೇ ಹಿಂದಿರುಗಿ.

ತೂಗುಸೇತುವೆ ಕಂಡ ಮೇಲೆ ಬೆಳಗ್ಗೆ ಗುರುತಿಟ್ಟ ಜಾಗಕ್ಕಿಂತ ಸ್ವಲ್ಪ ಮೊದಲೇ ದಡದ ಕಡೆ ತಿರುಗಿ. ಹರಿವು ಮುಂದಕ್ಕೆ ತಳ್ಳುತ್ತದೆ, ಜಾಗ ದಾಟಿದರೆ ಅದೇ ನೀರಿಗೆ ಎದುರು ಹುಟ್ಟು ಹಾಕಬೇಕು.

7. ಮುಗಿದ ಮೇಲೆ

ಮೊದಲ ಕೆಲಸ, ಸಮಯ ಹೇಳಿ ಬಂದವರಿಗೆ ಫೋನ್. ಮರೆತು ಊಟಕ್ಕೆ ಕೂತರೆ ಅತ್ತ ಅವರು 1093ಕ್ಕೆ ಕರೆ ಮಾಡಿರುತ್ತಾರೆ.

ಕಯಾಕನ್ನು ಕಾರಿನ ಚಾವಣಿಗೆ ಕಟ್ಟುವಾಗ ಪಟ್ಟಿಯನ್ನು ಒಂದು ಸುತ್ತು ತಿರುಚಿ ಕಟ್ಟಿ, ಹೆದ್ದಾರಿಯ ಗಾಳಿಗೆ ಗುಂಯ್‌ಗುಡುವುದು ನಿಲ್ಲುತ್ತದೆ. ಮೂತಿಯನ್ನೂ ಬಾಲವನ್ನೂ ಬಂಪರಿಗೆ ಹಗ್ಗದಿಂದ ಬಿಗಿಯಿರಿ. ಪಟ್ಟಿಯನ್ನು ಅತಿಯಾಗಿ ಬಿಗಿದು ಬಿಸಿಲಲ್ಲಿ ಬಿಟ್ಟರೆ ಪ್ಲಾಸ್ಟಿಕ್ ತಗ್ಗು ಬೀಳುತ್ತದೆ.

ಬೆಂಗ್ರೆಗೆ ಹೋಗಿ ಸೈಕಲ್ ತನ್ನಿ. ಮನೆಗೆ ಮುಟ್ಟಿದ ದಿನವೇ ಎರಡನ್ನೂ ಸಿಹಿನೀರಿನಲ್ಲಿ ತೊಳೆಯಿರಿ. ಸೈಕಲ್ಲಿಗೆ ಜೋರು ಪೈಪ್ ಹಿಡಿಯಬೇಡಿ, ನೀರು ಮರಳನ್ನು ಬೇರಿಂಗಿನೊಳಗೆ ನೂಕುತ್ತದೆ. ಚೈನನ್ನು ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಒಂದೊಂದು ಕೊಂಡಿಗೆ ಒಂದೊಂದು ಹನಿ ಎಣ್ಣೆ, ಹೆಚ್ಚಿದ್ದನ್ನು ಮತ್ತೆ ಒರೆಸಿ. ನಾಳೆ ಎಂದು ಬಿಟ್ಟರೆ ಬೆಳಗ್ಗೆ ಚೈನ್ ಕೆಂಪಗೆ ತುಕ್ಕು ಹಿಡಿದಿರುತ್ತದೆ.

ಇದೇ ಕ್ರಮವನ್ನು ಹೊನ್ನಾವರದ ಶರಾವತಿ, ಕುಮಟಾದ ಅಘನಾಶಿನಿ ಅಳಿವೆಗಳಿಗೂ ಹೊಂದಿಸಿಕೊಳ್ಳಬಹುದು, ಆಯಾ ಊರಿನ ಭರತದ ಪಟ್ಟಿ ಹಿಡಿದು. ದಾಂಡೇಲಿಯ ಕಾಳಿ ಅಥವಾ ಶ್ರೀರಂಗಪಟ್ಟಣದ ಕಾವೇರಿಗೆ ಇದನ್ನು ಒಯ್ಯಬೇಡಿ. ಅಲ್ಲಿ ನೀರಿನ ಮಟ್ಟ ಅಣೆಕಟ್ಟಿನಿಂದ ಬಿಡುವ ನೀರಿಗೆ ತಕ್ಕಂತೆ ಬದಲಾಗುತ್ತದೆ, ಎರಡರಲ್ಲೂ ಮೊಸಳೆಗಳಿವೆ, ಕಾವೇರಿಯಲ್ಲಿ ಅಡ್ಡಗಟ್ಟೆಗಳೂ ಇವೆ. ಕಟ್ಟೆಯ ಕೆಳಗೆ ಸುತ್ತುವ ನೀರು ಮೇಲಿನಿಂದ ನೋಡಲು ಶಾಂತ, ಬಿದ್ದವರನ್ನು ಮಾತ್ರ ಹೊರಗೆ ಬಿಡುವುದಿಲ್ಲ.